ತವರಿಗೆ ಹೋಗದ ಸೊಸೆ

ಬೆಳಗ್ಗೆ ಅಂಗಳಕ್ಕೆ ನೀರು ಚಿಮುಕಿಸುವಾಗ ಎದುರುಮನೆಯ ನಿಂಬೆವ್ವ ಸೊಸೆ ಎಲ್ಲಿ ಎಂದು ವಿಚಾರಿಸಿದರೆ, ಖಜೂರಿಯ ತುಳಜಾಬಾಯಿಯ ಉತ್ತರ ಒಂದೇ: ಅಮೃತ ಮಾದನಹಿಪ್ಪರಗಾಕ್ಕೆ, ತವರಿಗೆ ಹೋಗಿದ್ದಾಳೆ. ಆದರೆ ಅಮೃತ ಅದೇ ಮನೆಯ ಹಿಂದಿನ ಕತ್ತಲ ಕೋಣೆಯಲ್ಲಿದ್ದಳು. ಲಾರಿ ಓಡಿಸುತ್ತಿದ್ದ ಮಗ ಅಮೋಘಸಿದ್ದ ಏಡ್ಸ್ ಬಂದು ತೀರಿಕೊಂಡಿದ್ದ. ಸೊಸೆಯ ರಕ್ತದಲ್ಲೂ ಎಚ್‌ಐವಿ ಇದೆ ಎಂದು ತಿಳಿದಂದೇ ತುಳಜಾಬಾಯಿ ಅವಳನ್ನು ಒಳಗಿಟ್ಟು ಆ ಕೋಣೆಯ ಬಾಗಿಲು ಎಳೆದುಕೊಂಡಿದ್ದಳು. ಬೈಯಲಿಲ್ಲ, ಉಪವಾಸ ಕೆಡವಲಿಲ್ಲ. ಬಿಸಿ ರೊಟ್ಟಿ, ಹಾಲು ತಾನೇ ಒಯ್ದು ಕೊಡುತ್ತಿದ್ದಳು. ಮನೆತನದ ಮರ್ಯಾದೆ ಉಳಿಸಿದೆನೆಂಬ ಹೆಮ್ಮೆ ಬೇರೆ.

ತೊಂಬತ್ತೇಳರ ಚಳಿಗಾಲದಲ್ಲಿ ಅಮೃತಳಿಗೆ ಕೂತಲ್ಲಿಂದ ಏಳುವುದೇ ಕಷ್ಟವಾಯಿತು. ಸೊಂಟ, ತೊಡೆಯ ಎಲುಬು ಹಿಂಡಿದಂತೆ ನೋವು. ಅತ್ತೆ ಗಾಬರಿಯಾಗಿ, ಮುಖದ ತುಂಬ ಸೆರಗು ಹೊದಿಸಿ ಮೊದಲ ಬಸ್ಸಿಗೆ ಆಳಂದಕ್ಕೆ ಕರೆದೊಯ್ದಳು. ಹಿಂದೆ ಅವಳ ರಕ್ತ ಪರೀಕ್ಷೆ ಮಾಡಿಸಿದ್ದ ಡಾಕ್ಟರ್ ಜಯತೀರ್ಥ ಎಲುಬು ಒತ್ತಿ ನೋಡಿ, ಹೊರಗೆ ಓಡಾಡುತ್ತೀಯೇನಮ್ಮ ಎಂದು ಕೇಳಿದರು. ಅಮೃತ ಅತ್ತೆಯ ಮುಖ ನೋಡಿ, ಕತ್ತಲ ಕೋಣೆಯಲ್ಲೇ ಇರುತ್ತೇನೆ ಎಂದಳು.

"ಎಲುಬಿಗೆ ಡಿ ಜೀವಸತ್ವ ಬೇಕ್ರಿ ಅವ್ವಾ. ಅದು ಬಿಸಿಲಿನಿಂದ ಬರ್ತದ. ಈ ರೋಗ ಇದ್ದವರಿಗೆ ಅದು ಕಡಿಮಿ ಬೀಳೋದು ಜಾಸ್ತಿ. ಇನ್ನ ಕತ್ತಲಾಗ ಇಟ್ರ ಹೆಂಗ್ರಿ?"

"ಮಂದಿ ಕಣ್ಣಿಗೆ ಬಿದ್ರ ಸತ್ತ ಮಗನ ಹೆಸರು ಬೀದಿಗೆ ಬರ್ತದ್ರಿ ಸಾಹೇಬ್ರ," ಎಂದಳು ತುಳಜಾಬಾಯಿ.

ಡಾಕ್ಟರು ರೇಗಲಿಲ್ಲ. ಹಾಲಿನಲ್ಲಿ ಕಲಸಿ ಕುಡಿಯುವ ಪುಡಿ ಬರೆದುಕೊಟ್ಟರು. ಬಿಸಿಲು ಎಚ್‌ಐವಿಯನ್ನು ಕಳೆಯದು, ಆದರೆ ಎಲುಬು ಗಟ್ಟಿಯಾದೀತು. ಜೊತೆಗೆ ಕೂತರೆ, ಮುಟ್ಟಿದರೆ ಯಾರಿಗೂ ಅಂಟದು ಎಂದು ತಿಳಿಸಿ ಹೇಳಿದರು.

ಖಜೂರಿಯಲ್ಲಿ ಬಸ್ಸಿನ ಮೆಟ್ಟಿಲಿಳಿಯಲು ಅಮೃತಳ ಕಾಲು ಬರಲಿಲ್ಲ. ಅತ್ತೆಯ ಹೆಗಲಿಗೆ ಆತು ಮೆಲ್ಲಗೆ ಹೇಳಿದಳು:

"ನನ್ನ ಖರೇನ ತವರಿಗೆ ಕಳಿಸಿಬಿಡ್ರಿ ಅತ್ತಿ. ನಿಮ್ಮ ಮಾತಾರ ಉಳೀತದ."

ತುಳಜಾಬಾಯಿಗೆ ಆಗ ಹೊಳೆಯಿತು: ಇಷ್ಟು ದಿನ ತನ್ನ ಸುಳ್ಳಿನ ಭಾರವನ್ನೆಲ್ಲ ಈ ಹುಡುಗಿ ಹೊತ್ತಿದ್ದಳು. ಅತ್ತೆ ಸೊಸೆಯ ಮುಖದ ಮೇಲಿನ ಸೆರಗನ್ನು ತಾನೇ ಸರಿಸಿ, ನಡುಬೀದಿಯಲ್ಲೇ ನಡೆಸಿಕೊಂಡು ಬಂದಳು. ಹಗ್ಗದ ಹೊರಸನ್ನು ಅಂಗಳಕ್ಕೆ ಎಳೆದು ಬಿಸಿಲಿಗೆ ಕೂರಿಸಿದಳು.

ಯಾವಾಗ ಬಂದಳು ಎಂದು ನಿಂಬೆವ್ವ ಕೇಳಿದಳು.

"ಎಲ್ಲೂ ಹೋಗಿರಲಿಲ್ಲ ಬೇ. ಒಳಗ ಇದ್ಲು. ನನ್ನ ಮಗನಿಗಿದ್ದ ರೋಗ ಈಕಿಗೂ ಅದ. ಇನ್ನ ದಿನಾ ಇಲ್ಲೇ ಕೂಡ್ತಾಳ."

ನಿಂಬೆವ್ವ ಒಳಗೆ ಹೋಗಿ ಕದ ಹಾಕಿಕೊಂಡಳು. ಓಣಿಯಲ್ಲಿ ಪಿಸುಮಾತು ಎದ್ದಿತು. ಕೆಲವರು ಅವಳ ಮನೆಗೆ ಮಜ್ಜಿಗೆ ಕೇಳಿಕೊಂಡು ಬರುವುದನ್ನು ಬಿಟ್ಟರು. ತುಳಜಾಬಾಯಿಗೆ ನೋವಾಗದೆ ಇರಲಿಲ್ಲ. ಆದರೂ ಹೊರಸು ಮಾತ್ರ ಒಳಗೆ ಹೋಗಲಿಲ್ಲ. ತಾನೂ ಅದರ ಮೇಲೆ ಕೂತು ಸೊಸೆಯ ತಲೆ ಬಾಚಿದಳು, ಒಂದೇ ತಾಟಿನಲ್ಲಿ ಉಂಡಳು.

ಯುಗಾದಿ ಹತ್ತಿರವಾದಾಗ ಒಂದು ಬೆಳಗ್ಗೆ ಅಮೃತ ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತಳು. ನಾಲ್ಕು ಹೆಜ್ಜೆ ಇಟ್ಟಳು, ತಿರುಗಿ ನಕ್ಕಳು. ತುಳಜಾಬಾಯಿ ಮುಚ್ಚಿದ ಕದದತ್ತ ನೋಡಿ, ಇಡೀ ಓಣಿಗೆ ಕೇಳುವಂತೆ ಕೂಗಿದಳು:

"ನಿಂಬೆವ್ವಾ, ಹೊರಗ ಬಾ ಬೇ. ನನ್ನ ಸೊಸಿ ನಡಿಯಾಕತ್ತಾಳ, ನೋಡು ಬಾ."