ಮೂರು ಗೂಡಿನ ಟೈರು

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಕೂಗಳತೆಯಲ್ಲಿರುವ ಗಫಾರ್ ಭಾಯಿಯ ಟೈರ್ ಅಂಗಡಿಗೆ ಬೋರ್ಡಿಲ್ಲ. ಹಿಂದೆ ಒಂದಿತ್ತು. ಗಾಳಿಗೆ ಬಿದ್ದದ್ದನ್ನು ಎತ್ತಿ ಕಂಪ್ರೆಸರಿಗೆ ಮರೆ ಮಾಡಿಕೊಂಡಿದ್ದಾನೆ. ಗೊತ್ತಿದ್ದವರು ಹೇಗೂ ಬರುತ್ತಾರೆ, ಗೊತ್ತಿಲ್ಲದವರು ಬಂದು ತನಗೇನಾಗಬೇಕು ಎಂಬುದು ಅವನ ವಾದ. ಹೈವೇ ಊರಾಚೆಗೆ ಹೊರಟುಹೋದ ಮೇಲೆ ಗೊತ್ತಿಲ್ಲದವರು ಬರುವುದು ತಾನಾಗಿಯೇ ನಿಂತುಹೋಗಿ, ಆ ವಾದಕ್ಕೆ ಎದುರಾಡುವವರೇ ಇಲ್ಲವಾಗಿದ್ದಾರೆ.

ಆ ಬುಧವಾರ ಹತ್ತು ಗಂಟೆಯ ಹೊತ್ತಿಗೆ ಅಂಗಡಿಯ ಮುಂದೆ ಲಗೇಜ್ ಆಟೋ ಬಂದು ನಿಂತಾಗ ಅವನು ಯಾರದೋ ಸ್ಕೂಟರಿಗೆ ಪಂಚರ್ ಹಾಕುತ್ತಿದ್ದ. ಆಟೋದಲ್ಲಿ ಒಂದು ಸಣ್ಣ ನೀಲಿ ಸ್ಪೋರ್ಟ್ಸ್ ಬೈಕನ್ನು ಹಗ್ಗ ಬಿಗಿದು ನಿಲ್ಲಿಸಿದ್ದರು. ನೂರೈವತ್ತು ಸಿಸಿಯದು, ಟ್ಯಾಂಕಿನ ಮೇಲೆ ನವಿಲುಗರಿಯ ಸ್ಟಿಕ್ಕರು. ಗಫಾರನ ಕೈ ಅಲ್ಲೇ ನಿಂತಿತು. ಆ ಸ್ಟಿಕ್ಕರನ್ನು ಗುಳ್ಳೆ ಏಳದ ಹಾಗೆ ಬಟ್ಟೆಯಿಂದ ಒತ್ತಿ ಅಂಟಿಸಿಕೊಟ್ಟವನು ಅವನೇ. ಹದಿನೈದು ವರ್ಷದಿಂದ ಅದು ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಆಟೋದಿಂದ ಬೈರಮಂಗಲದ ಲೋಕೇಶ ಇಳಿದ. ಹಿಪ್ಪುನೇರಳೆ ಬೆಳೆದು ಹುಳು ಸಾಕುವ ಮನೆಯವನು. ಕಿವಿಯ ಪಕ್ಕ ಕೂದಲು ಬೆಳ್ಳಗಾಗಿತ್ತು, ಹೊಟ್ಟೆಯೂ ಬಂದಿತ್ತು. ಅವನ ಹಿಂದೆ ಹೆಂಡತಿ ಭಾನುಪ್ರಿಯ ಎಡಗಾಲನ್ನು ಮೊದಲು ಊರಿ, ಬಲಗಾಲನ್ನು ಕೈಯಿಂದ ತುಸು ಎತ್ತಿ ಕೆಳಗಿಟ್ಟಳು. ಗಫಾರ್ ಕೈಯಲ್ಲಿದ್ದ ಟ್ಯೂಬನ್ನು ಕೆಳಗಿಟ್ಟು ಎದ್ದ.

"ಏನ್ ಭಾಯ್, ಚೆನ್ನಾಗಿದ್ದೀಯಾ?" ಅಂದ ಲೋಕೇಶ, ನಿನ್ನೆ ಮೊನ್ನೆ ಬಂದು ಹೋದವನ ಹಾಗೆ. "ಗೂಡು ಹರಾಜಿಗೆ ತಂದಿದ್ದೊ. ಹಂಗೇ ಇದನ್ನೂ ಹಾಕ್ಕೊಂಡ್ ಬಂದೆ. ಹದಿನೈದು ವರ್ಷ ತುಂಬೋಯ್ತು, ಆರ್‌ಸಿ ರಿನೀವಲ್ ಮಾಡಿಸ್ಬೇಕು. ಎಂಜಿನ್ನು ಬಿಡದಿಲಿ ರೆಡಿ ಮಾಡಿಸಿವ್ನಿ. ಹಿಂದ್ಲ ಟೈರ್ ಒಂದು ಹಾಕ್ಕೊಡು."

ಬೈಕನ್ನು ಇಳಿಸಿದರು. ಹಿಂದಿನ ಚಕ್ರಕ್ಕೆ ಇನ್ನೂ ಗಫಾರನೇ ಹಾಕಿದ್ದ ಅದೇ ಟೈರಿತ್ತು, ಒಣಗಿ ಬಿರಿದು, ಗಾಳಿಯಿಲ್ಲದೆ ಕುಕ್ಕರಿಸಿಕೊಂಡು. ಅದರ ಮೈಯಲ್ಲಿ ಗೇಣುದ್ದದ ಸೀಳು. ಗಫಾರ್ ಅದನ್ನು ನೋಡಿಯೂ ನೋಡದವನ ಹಾಗೆ ಸ್ಪ್ಯಾನರ್ ಹುಡುಕಲು ಒಳಗೆ ಹೋದ. ಸ್ಪ್ಯಾನರ್ ಅವನ ಜೇಬಿನಲ್ಲೇ ಇತ್ತು.

ಗಫಾರನ ಮನೆತನ ಗೂಡು ಬೇಯಿಸಿ ನೂಲು ಬಿಚ್ಚುವವರದು. ಅಪ್ಪ ಕುದಿನೀರಿನ ತೊಟ್ಟಿಯ ಮುಂದೆ ಬದುಕು ಸವೆಸಿದವರು. ಮಗನಿಗೆ ಆ ಹಬೆ, ಆ ವಾಸನೆ ಒಗ್ಗದೆ ಟೈರಿಗೆ ಬಿದ್ದ. ಆದರೆ ಕೈಗೆ ಗೂಡಿನ ಅಭ್ಯಾಸ ಬಿಡಲಿಲ್ಲ. ಹರಾಜು ಮುಗಿಸಿ ಬರುತ್ತಿದ್ದ ಹುಡುಗರಿಗೆ ಟೈರಿನ ಮೈಮೇಲಿನ ನಂಬರು ತಿಳಿಯುತ್ತಿರಲಿಲ್ಲ. ಅವನು ಅವರದೇ ಚೀಲದಿಂದ ಹಳದಿ ಗೂಡು ತೆಗೆದು ಟೈರಿನ ಅಡ್ಡಕ್ಕೆ ಉದ್ದುದ್ದ ಸಾಲಾಗಿ ಇಟ್ಟು ತೋರಿಸುತ್ತಿದ್ದ. ಮೂರು ಗೂಡು ಹಿಡಿದರೆ ನೂರು ಮಿಲಿಮೀಟರ್ ಅಗಲದ ಟೈರು, ಕಂಪನಿಯೇ ಕೊಟ್ಟದ್ದು. ನಾಲ್ಕು ಹಿಡಿದರೆ ನೂರ ನಲವತ್ತು.

ತಮಾಷೆಗೆ ಮಾಡಿದ್ದು ಕಾಯಿಲೆಯಾಯಿತು. ಸಂಜೆ ಅಂಗಡಿ ಮುಂದೆ ಏಳೆಂಟು ಬೈಕು ಹಿಂಭಾಗ ತಿರುಗಿಸಿ ನಿಲ್ಲುತ್ತಿದ್ದವು. ಕನಕಪುರದವರು ಬಂದರೆ, ಮಾಗಡಿಯವರು ಬಂದರೆ, ಹೆಸರು ಕೇಳುವ ಮೊದಲು ಟೈರಿಗೆ ಗೂಡು ಇಟ್ಟು ನೋಡುವುದು. ಮೂರು ಗೂಡಿನವನು ಅವತ್ತು ಎಲ್ಲರಿಗೂ ಟೀ ತರಬೇಕು. ಲೋಕೇಶ ಹೊಸ ಬೈಕು ತಂದು ನಾಲ್ಕು ತಿಂಗಳು ಟೀ ಹೊತ್ತ. ಎಂತೆಂಥ ಸಂಜೆಗಳು ಅವು. ಆ ಗಲಾಟೆಗೆ ಬೈಯುತ್ತಲೇ ಇದ್ದ ಗಫಾರ್ ಈಗ ಐದು ಗಂಟೆಯಾದರೆ ಸಾಕು, ಕುರ್ಚಿಯನ್ನು ಹೊರಗೆ ಹಾಕಿಕೊಂಡು ಖಾಲಿ ರಸ್ತೆಯನ್ನು ನೋಡುತ್ತಾ ಕೂರುತ್ತಾನೆ. ಯಾರ ದಾರಿ ಕಾಯುತ್ತೀ ಎಂದು ಬೀವಿ ದಿಲ್ಶಾದ್ ಕೇಳಿದರೆ ಗಾಳಿಗೆ ಕೂತಿದ್ದೀನಿ ಅನ್ನುತ್ತಾನೆ.

ಅವನದೊಂದು ಪದ್ಧತಿಯಿತ್ತು. ಹಿಂದಿನ ಟೈರು ಹಾಕಿದ ಮೇಲೆ ತಾನೇ ಹಿಂದೆ ಕೂತು, ಮಾರುಕಟ್ಟೆ ಗೇಟಿನ ಮುಂದಿನ ಗುಂಡಿಗೆ ಬೇಕೆಂದೇ ಇಳಿಸಿ, ಒಂದು ಸುತ್ತು ಹಾಕಿಸಿಕೊಂಡು ಬರುವುದು. ಇಬ್ಬರ ಭಾರಕ್ಕೆ ಟೈರು ಎಲ್ಲಾದರೂ ತಾಗಿದರೆ ಅವನ ಕಿವಿಗೆ ಬೀಳುತ್ತಿತ್ತು. ತಾಗಿದರೆ ಬಿಚ್ಚಿ ಬೇರೆ ಹಾಕುತ್ತಿದ್ದ. ಆ ಸುತ್ತು ಹಾಕದೆ ಬೈಕು ಅಂಗಡಿ ಬಿಟ್ಟದ್ದಿಲ್ಲ.

ಒಂದೇ ಒಂದು ಸಲ ಬಿಟ್ಟಿತು. ಲೋಕೇಶನ ಮದುವೆಯಾಗಿ ಹತ್ತು ದಿನವಾಗಿತ್ತು. ಹೊಸ ಹೆಂಡತಿಯನ್ನು ಕೂರಿಸಿಕೊಂಡು ಬಂದವನು ನಾಲ್ಕು ಗೂಡಿನದೇ ಬೇಕೆಂದು ಹಟ ಹಿಡಿದ. ಆ ಬೈಕಿನ ಸಣ್ಣ ರಿಮ್ಮಿಗೆ ನೂರ ನಲವತ್ತು ಹಾಕಿದರೆ ಟೈರು ಇಕ್ಕಟ್ಟಾಗಿ ನೆತ್ತಿ ಉಬ್ಬುತ್ತದೆ, ತಿರುವಿನಲ್ಲಿ ಹೇಳಿದ ಮಾತು ಕೇಳುವುದಿಲ್ಲ, ಇಬ್ಬರು ಕೂತು ಗುಂಡಿಗೆ ಇಳಿದರೆ ಮಡ್‌ಗಾರ್ಡಿನ ಬೋಲ್ಟಿಗೆ ತಾಗುತ್ತದೆ. ಗಫಾರನಿಗೆ ಇಷ್ಟೂ ಗೊತ್ತಿತ್ತು. ಆದರೂ ಹುಡುಗನ ಮುಖ ನೋಡಿ ಚೈನ್ ಕವರನ್ನು ಸುತ್ತಿಗೆಯಲ್ಲಿ ಬಡಿದು ಜಾಗ ಮಾಡಿ ಕೂರಿಸಿಬಿಟ್ಟ. ಆಮೇಲೆ ನಮಾಜಿಗೆ ಹೊತ್ತಾಯಿತು ಎಂದು ಹಿಂದೆ ಕೂರಲಿಲ್ಲ. ನಮಾಜಿಗೆ ಇನ್ನೂ ಅರ್ಧ ಗಂಟೆಯಿತ್ತು.

ಮೂರನೆಯ ದಿನ ಕನಕಪುರದ ರಸ್ತೆಯ ತಿರುವಿನಲ್ಲಿ ಬೋಲ್ಟು ಟೈರನ್ನು ಸೀಳಿತು. ಲೋಕೇಶನಿಗೆ ಮೈ ಕೈ ತರಚಿತು ಅಷ್ಟೆ. ಭಾನುಪ್ರಿಯಳ ಬಲ ಮಂಡಿ ಮೊದಲಿನ ಹಾಗೆ ಮಡಚಲೇ ಇಲ್ಲ. ಅವಳು ಮತ್ತೆ ಯಾವ ಬೈಕಿನ ಮೇಲೂ ಕೂರಲಿಲ್ಲ, ಲೋಕೇಶ ಮತ್ತೆ ಅಂಗಡಿಗೆ ಬರಲಿಲ್ಲ. ಅವನ ಹಿಂದೆಯೇ ಒಬ್ಬೊಬ್ಬರಾಗಿ ಉಳಿದವರೂ ಬರುವುದು ಬಿಟ್ಟರು. ಯಾಕೆಂದು ಗಫಾರ್ ಯಾರನ್ನೂ ಕೇಳಲಿಲ್ಲ.

ಸ್ಪ್ಯಾನರ್ ಹಿಡಿದು ಹೊರಗೆ ಬಂದಾಗ ಲೋಕೇಶ ಜೋಡಿಸಿಟ್ಟ ಟೈರುಗಳ ಮುಂದೆ ನಿಂತಿದ್ದ. ಕಣ್ಣು ಅಗಲದ್ದರ ಮೇಲೇ ಇತ್ತು. ಭಾನುಪ್ರಿಯ ಕುರ್ಚಿಯಲ್ಲಿ ಕೂತು ಗಂಡನನ್ನೇ ನೋಡುತ್ತಿದ್ದಳು.

"ನಾಕು ಗೂಡಿಂದೇ ಹಾಕು ಭಾಯ್," ಅಂದ.

ಗಫಾರ್ ಸ್ಪ್ಯಾನರನ್ನು ಕೈಯಲ್ಲಿ ತಿರುಗಿಸುತ್ತಾ ಹಳೆಯ ಟೈರಿನ ಸೀಳನ್ನು ನೋಡಿದ.

"ಈಗ ಅಗಲದ ರಿಮ್ ಸಿಕ್ತದಂತಲ್ಲ. ಮಡ್‌ಗಾರ್ಡ್ ಕಿತ್ತಾಕು, ಯಾವ್ದೂ ತಾಗಕಿಲ್ಲ. ಮೂರು ಗೂಡಿಂದು ಹಾಕುದ್ರೆ ಹಿಂದ್ಗಡೆಯಿಂದ ಸೈಕಲ್ ಕಂಡಂಗೆ ಕಾಣ್ತದೆ. ಆ ಮೂರು ದಿನ ಹೆಂಗಿತ್ತೋ ಹಂಗೇ ಇರ್ಲಿ ಅಂತ ನಂಗಾಸೆ."

ನಲವತ್ತರ ಹತ್ತಿರ ಬಂದರೂ ಇವನಿಗೆ ಬುದ್ಧಿ ಬಂದಿಲ್ಲವಲ್ಲ ಎಂದು ಗಫಾರನಿಗೆ ಸಿಟ್ಟು ಬಂತು. ಸಿಟ್ಟಿಗಿಂತ ಭಯ ಹೆಚ್ಚಾಗಿತ್ತು. ಆಗಲ್ಲ ಅಂದರೆ ಇವನು ಬೈಕು ತಿರುಗಿಸಿಕೊಂಡು ಹೋಗುತ್ತಾನೆ. ಹೋದರೆ ತಾನು ಸಾಯುವ ತನಕ ಈ ಕಡೆ ತಲೆ ಹಾಕುವುದಿಲ್ಲ. ಹೂಂ ಅಂದರೆ, ಹೋದ ಸಲ ಆದದ್ದೇ ಮತ್ತೆ ಆಗುತ್ತದೆ. ಅವನು ಸ್ಪ್ಯಾನರನ್ನು ಕೆಳಗಿಟ್ಟ.

"ಹಾಕಕ್ಕಿಲ್ಲ ಲೋಕೇಶ."

"ಯಾಕೆ? ಅವತ್ತು ಹಾಕಿದ್ದಲ್ಲ."

"ಅವತ್ತು ಹಾಕಿದ್ದೇ ತಪ್ಪು. ತಾಗ್ತದೆ ಅಂತ ನಂಗೆ ಗೊತ್ತಿತ್ತು ಕಣಪ್ಪ. ಹಿಂದೆ ಕುಂತಿದ್ರೆ ಗೇಟ್ ತಾವ್ಲೇ ಸದ್ದು ಕೇಳ್ತಿತ್ತು, ಬಿಚ್ಚಬೇಕಾಯ್ತಿತ್ತು. ಅದಕ್ಕೇ ಕೂರ್ಲಿಲ್ಲ. ನಮಾಜು ಅಂತ ಸುಳ್ಳು ಹೇಳ್ದೆ." ಗಫಾರ್ ಭಾನುಪ್ರಿಯಳ ಕಡೆ ತಿರುಗಿದ. ಅವಳ ಮುಖ ನೋಡಲಾಗದೆ ಮಂಡಿ ನೋಡಿದ, ಅದನ್ನೂ ನೋಡಲಾಗದೆ ನೆಲ ನೋಡಿದ. "ನಿನ್ ಕಾಲು ಹೋಗಿದ್ದು ನನ್ನಿಂದ ತಾಯಿ. ಈ ಗೂಡು ಇಟ್ಟು ಅಳೆಯೋ ಹುಚ್ಚು ಹಿಡಿಸ್ದೋನೂ ನಾನೇ."

ಲೋಕೇಶ ಬೈಕಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತ. ಆಮೇಲೆ ಹಳೆಯ ಟೈರಿನ ಸೀಳಿಗೆ ಬೆರಳು ತೂರಿಸುತ್ತಾ ಹೇಳಿದ: "ನಂಗೂ ಗೊತ್ತಿತ್ತು ಭಾಯ್. ಎರಡನೇ ದಿನಾನೇ ರಬ್ಬರ್ ಸುಟ್ಟ ವಾಸ್ನೆ ಬಂತು. ಬಿಚ್ಚಿಸಿದ್ರೆ ಮತ್ತೆ ಟೀ ಹೊರಬೇಕಲ್ಲ ಅಂತ ಹಂಗೇ ಓಡಿಸ್ದೆ. ಬಿದ್ದ ಮ್ಯಾಲೆ ಊರಿಗೆಲ್ಲಾ ಹೇಳ್ಕೊಂಡ್ ಬಂದೆ, ಗಫಾರ್ ಭಾಯ್ ತಪ್ಪು ಟೈರ್ ಹಾಕ್ಬುಟ್ಟ ಅಂತ. ಹುಡುಗ್ರು ನಿನ್ ಅಂಗಡಿ ಬಿಟ್ಟಿದ್ದು ನನ್ ಮಾತು ಕೇಳಿ. ಯಾವ ಮುಖ ಇಟ್ಕಂಡು ಬರ್ಲಿ?"

ಹದಿನೈದು ವರ್ಷ ಕಾದ ಸಂಜೆಗಳು ಎಲ್ಲಿಗೆ ಹೋದವೆಂಬುದು ಗಫಾರನಿಗೆ ಈಗ ತಿಳಿಯಿತು. ಕೋಪ ಬರಬೇಕಿತ್ತು, ಬರಲಿಲ್ಲ. ಹೊರೆ ಇಳಿಸಲು ಇನ್ನೊಬ್ಬ ಕೈ ಹಚ್ಚಿದಂತಾಯಿತು. ಇಬ್ಬರ ಕಣ್ಣೂ ತುಂಬಿದವು.

"ಆಯ್ತಾ ಇಬ್ರುದೂ?" ಎಂದು ಭಾನುಪ್ರಿಯ ಕೇಳಿದಳು. ಧ್ವನಿ ಏರಿಸಲಿಲ್ಲ. "ಒಬ್ರು ಮುಂದೆ ಒಬ್ರು ಚೆನ್ನಾಗಿ ಅಳ್ತಿದ್ದೀರಿ. ಇವ್ರಿಗೂ ಗೊತ್ತಿತ್ತು, ನಿಮಗೂ ಗೊತ್ತಿತ್ತು. ಹಿಂದೆ ಕೂರೋಳು ನಾನು. ನಂಗೊಬ್ಳಿಗೆ ಯಾರೂ ಹೇಳ್ಲಿಲ್ಲ. ಅವತ್ತು ಇದೇ ಜಾಗದಲ್ಲಿ ಕುಂತಿದ್ದೆ. ಒಂದು ಮಾತು ಹೇಳಿದ್ರೆ ಇಳಿದು ಬಸ್ಸಿಗೆ ಹೋಗ್ತಿದ್ದೆ. ಕಾಲು ನಂದು."

ಲೋಕೇಶ ಟೈರಿನ ಸೀಳಿನಿಂದ ಬೆರಳು ತೆಗೆದು ಎದ್ದು ನಿಂತ.

ಅವಳು ಬ್ಯಾಗಿನ ಜಿಪ್ಪು ಎಳೆದು, ಬೆಳಿಗ್ಗೆ ಹರಾಜಿಗೆ ಹಾಕಿದ ಗೂಡಿನಲ್ಲಿ ಎತ್ತಿಟ್ಟುಕೊಂಡಿದ್ದ ನಾಲ್ಕೈದು ಬಿಳಿ ಗೂಡು ಹೊರಗೆ ತೆಗೆದಳು. ಎದ್ದು ಬಂದು ನೂರರ ಟೈರಿನ ಮೇಲೆ ಮೂರನ್ನು ಸಾಲಾಗಿ ಇಟ್ಟಳು. ಕೊನೆಯದು ಅಂಚಿನಿಂದ ಜಾರಿ ಕೆಳಗೆ ಬಿತ್ತು.

"ಅರೆ," ಅಂದ ಗಫಾರ್. ಆ ಕಾಲದ್ದು ಹಳದಿ ಗೂಡು, ಸಣ್ಣದು. ಈಗಿನ ಬಿಳಿ ಗೂಡು ಅದಕ್ಕಿಂತ ಉದ್ದ, ಗುಂಡಗೆ ಮೈತುಂಬಿಕೊಂಡದ್ದು. ಈ ಲೆಕ್ಕ ಅವನ ತಲೆಗೇ ಬಂದಿರಲಿಲ್ಲ.

ಅವಳು ಅದೇ ಮೂರನ್ನು ನೂರ ನಲವತ್ತರ ಮೇಲೆ ಇಟ್ಟಳು. ಪಕ್ಕದಲ್ಲಿ ಹತ್ತಿರ ಹತ್ತಿರ ಇನ್ನೊಂದು ಗೂಡಿನಷ್ಟು ಜಾಗ ಉಳಿಯಿತು. ನಡುವೆ ಇದ್ದ ನೂರ ಹತ್ತರ ಟೈರಿನ ಮೇಲೆ ಇಟ್ಟಾಗ ಮೂರೂ ಅಂಚಿನಿಂದ ಅಂಚಿಗೆ ಸರಿಯಾಗಿ ಕೂತವು.

"ಇದು ನಮ್ಮ ರಿಮ್ಮಿಗೆ ಹಿಡಿಸ್ತದಾ ಭಾಯ್? ನಿಜ ಹೇಳಿ."

"ಹಿಡಿಸ್ತದೆ ತಾಯಿ. ಇಷ್ಟೇ ಹಿಡಿಸೋದು. ಇದ್ರ ಮ್ಯಾಲೆ ಒಂದು ನೂಲು ಹೆಚ್ಚಾದ್ರೂ ಬ್ಯಾಡ."

"ಹಂಗಾದ್ರೆ ಇದು," ಎಂದಳು. ಲೋಕೇಶ ಅಗಲದ ಟೈರನ್ನು ಎತ್ತಿ ಮತ್ತೆ ಸಾಲಿಗೆ ಸೇರಿಸಿದ.

ಟೈರು ಕೂರಿಸಲು ಮುಕ್ಕಾಲು ಗಂಟೆ ಹಿಡಿಯಿತು. ಬಡಿದು ತಗ್ಗಿಸಿದ್ದ ಚೈನ್ ಕವರನ್ನು ಗಫಾರ್ ಒಳಗಿನಿಂದ ತಟ್ಟಿ ತಟ್ಟಿ ಸರಿಮಾಡಿದ. ಅಷ್ಟಾದ ಮೇಲೆ ಕೈ ಒರೆಸಿಕೊಂಡು, ಯಾರೂ ಹೇಳದಿದ್ದರೂ, ಅರವತ್ತರ ಸೊಂಟವನ್ನು ಹೇಗೋ ಎತ್ತಿ ಹಿಂದಿನ ಸೀಟಿಗೆ ಏರಿದ.

ಲೋಕೇಶ ಬೈಕು ಬಿಟ್ಟ. ಗೇಟಿನ ಮುಂದಿನ ಗುಂಡಿ ಅಲ್ಲೇ ಇತ್ತು. ಈ ಊರಿನಲ್ಲಿ ಹೈವೇ ಬದಲಾಗಬಹುದು, ಗೂಡಿನ ಬಣ್ಣ ಬದಲಾಗಬಹುದು, ಆ ಗುಂಡಿಗೆ ಮಾತ್ರ ಮಣ್ಣು ಬೀಳುವುದಿಲ್ಲ. ಬೈಕು ಧಡ್ಡನೆ ಇಳಿದು ಎದ್ದಿತು. ಗಫಾರ್ ಕಣ್ಣು ಮುಚ್ಚಿ ಕಿವಿಗೊಟ್ಟ. ಚೈನಿನ ಸದ್ದು, ಮಾರುಕಟ್ಟೆಯೊಳಗಿನ ಕೂಗು, ಬೇರೇನೂ ಇಲ್ಲ. ಎದುರಿಗೆ ಲೋಕೇಶನ ಬೆನ್ನು, ಮೂಗಿಗೆ ಹೊಸ ರಬ್ಬರಿನ ವಾಸನೆ. ಅವನಿಗೆ ಆ ಸಂಜೆಗಳೆಲ್ಲ ನೆನಪಾದವು. ಇನ್ನೊಂದು ಸುತ್ತು ಹಾಕು ಅನ್ನಬೇಕೆನ್ನಿಸಿ, ನಾಚಿಕೆಯಾಗಿ ಸುಮ್ಮನಾದ.

ವಾಪಸು ಬಂದು ಇಳಿದಾಗ ಭಾನುಪ್ರಿಯ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದಳು. ಅವಳು ಸೀರೆ ಉಟ್ಟಿಲ್ಲ, ಚೂಡಿದಾರ್ ಹಾಕಿಕೊಂಡು ಬಂದಿದ್ದಾಳೆಂಬುದು ಗಫಾರನ ಗಮನಕ್ಕೆ ಬಂದದ್ದು ಆಗ. ಅವಳು ಮೆಟ್ಟಿಲ ಎತ್ತರದಿಂದಲೇ ಬಲಗಾಲನ್ನು ಕೈಯಲ್ಲಿ ಹಿಡಿದು ಸೀಟಿನ ಆಚೆಗೆ ದಾಟಿಸಿದಳು. ಲೋಕೇಶ ತಿರುಗಿ ನೋಡಲಿಲ್ಲ. ಬೈಕು ಅಲುಗದ ಹಾಗೆ ಎರಡೂ ಕಾಲನ್ನು ನೆಲಕ್ಕೆ ಊರಿ ಹಿಡಿದ.

"ಭಾಯ್, ನೀವು ಹಿಂದೆ ಬಂದು ಕೇಳಿಸ್ಕೊಳಿ. ಸದ್ದು ಬಂದ್ರೆ ಕೂಗಿ. ಈ ಸಲ ಕೂಗ್ಬೇಕು."

"ಕೂಗ್ತೀನಿ ತಾಯಿ."

ಬೈಕು ನಿಧಾನ ಹೊರಟಿತು. ಗಫಾರ್ ಚಪ್ಪಲಿಯನ್ನೂ ಮರೆತು, ಬಗ್ಗಿ, ಕಿವಿಯನ್ನು ಚಕ್ರದ ಕಡೆ ಮಾಡಿಕೊಂಡು ಹಿಂದೆ ಹಿಂದೆ ಓಡಿದ. ಗೂಡಿನ ಚೀಲ ಹೊತ್ತವರು ನಿಂತು ನೋಡಿ ನಕ್ಕರು. ಭಾನುಪ್ರಿಯ ಎರಡೂ ಕೈಯಲ್ಲಿ ಸೀಟಿನ ಹಿಂದಿನ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದಳು. ಬೈಕು ಗುಂಡಿಗೆ ಇಳಿಯಿತು, ಎದ್ದಿತು. ಅವನು ಉಸಿರು ಹಿಡಿದು ಕೇಳಿದ. ಎಲ್ಲೂ ತಾಗಲಿಲ್ಲ. ಗೇಟು ದಾಟಿದ ಮೇಲೆ ಅವಳು ಒಂದು ಕೈಯನ್ನು ಕಂಬಿಯಿಂದ ಬಿಟ್ಟು ಗಂಡನ ಭುಜದ ಮೇಲಿಟ್ಟಳು.