ಅಂಕಿ ನೋಡು, ಕೈ ನೋಡಬೇಡ

ಶನಿವಾರ ಮಧ್ಯಾಹ್ನ ಬಂತೆಂದರೆ ಪಂಕಜಾಗೆ ಬೆನ್ನುನೋವು ಶುರು. ನಂದಿನಿ ಲೇಔಟಿನಲ್ಲಿ ಅಣ್ಣ ಶ್ಯಾಮಸುಂದರನನ್ನು ಕಾರಿಗೆ ಹತ್ತಿಸಿ, ಚಂದ್ರಾ ಲೇಔಟಿನ ಬ್ರಿಜ್ ಇಸ್ಪೀಟು ಕ್ಲಬ್ಬಿನ ಮೆಟ್ಟಿಲು ಹತ್ತಿಸಿ, ಕುರ್ಚಿಯಲ್ಲಿ ಕೂರಿಸುವಷ್ಟರಲ್ಲಿ ಅವಳ ಜೀವ ಹಣ್ಣಾಗಿರುತ್ತಿತ್ತು. ಆದರೂ ಒಂದು ವಾರ ತಪ್ಪಿಸಿದವಳಲ್ಲ. ಪಾರ್ಕಿನ್ಸನ್ ಬಂದಮೇಲೆ ಅಣ್ಣ ಸ್ಕೂಟರ್ ಬಿಟ್ಟ, ಎಲ್ಲಿ ಸಾರು ಚೆಲ್ಲಿಕೊಳ್ಳುವೆನೋ ಎಂದು ಮದುವೆ ಊಟ ಬಿಟ್ಟ. ಅವನಿಗೆ ಉಳಿದದ್ದು ಇದೊಂದೇ.

ಈ ಕ್ಲಬ್ಬಿನಲ್ಲಿ ಬಿಡ್ಡನ್ನು ಬಾಯಲ್ಲಿ ಹೇಳುವಂತಿಲ್ಲ. ಎಷ್ಟು ಗೆಲ್ಲುತ್ತೇವೆಂಬುದನ್ನು ಮೇಜಿನ ನಡುವಿನ ಹಾಳೆಯ ಮೇಲೆ ಬರೆಯಬೇಕು, ಯಾವಾಗಲೂ ಒಂದೇ ಗಾತ್ರ, ಒಂದೇ ಒತ್ತು. ಬರೆದದ್ದನ್ನು ತಿದ್ದುವಂತಿಲ್ಲ. ಕಾರ್ಯದರ್ಶಿಯಾಗಿದ್ದಾಗ ಈ ನಿಯಮ ತಂದವನು ಶ್ಯಾಮಸುಂದರನೇ.

“ದನಿ ಚಾಡಿ ಹೇಳುತ್ತೆ ಕಣೇ, ಕಾಗದ ಹೇಳಲ್ಲ,” ಎಂದಿದ್ದ. ಜೊತೆಗಾರನ ಮುಖದಿಂದಲೋ ಕೈಯಿಂದಲೋ ಏನಾದರೂ ತಿಳಿದುಬಿಟ್ಟರೆ ಅದರ ಲಾಭ ಪಡೆಯುವುದು ಮೋಸ ಎಂದು ತಂಗಿಗೆ ಕಲಿಸಿದವನೂ ಅವನೇ. “ಅಂಕಿ ನೋಡು, ಕೈ ನೋಡಬೇಡ.”

ಈಗ ಕಾಗದವೂ ಚಾಡಿ ಕಲಿತಿತ್ತು. ಒಳ್ಳೆಯ ಎಲೆ ಬಿದ್ದಾಗ ಅಣ್ಣನ ಕೈ ಇನ್ನಷ್ಟು ನಡುಗುತ್ತಿತ್ತು. ಅದು ಗೊತ್ತಿದ್ದದ್ದು ಪಂಕಜಾಗೆ ಮಾತ್ರ. ಹೇಳಿದರೆ ಅಭಿಮಾನದ ಮನುಷ್ಯ ಆ ಕ್ಷಣವೇ ಪೆನ್ನು ಕೆಳಗಿಟ್ಟು ಏಳುತ್ತಾನೆ, ಮತ್ತೆ ಈ ಮೆಟ್ಟಿಲು ಹತ್ತುವುದಿಲ್ಲ.

ಅಂದು ವರ್ಷದ ಜೋಡಿ ಕಪ್ಪಿನ ಪಂದ್ಯದ ಕೊನೆಯ ಆಟ; ಅಣ್ಣ ತಂಗಿ ಒಂದು ಜೋಡಿ. ಶ್ಯಾಮಸುಂದರ ನಾಲ್ಕು ಆಟೀನು ಎಂದು ಬರೆದ. ಬರೆಯುವಾಗ ಪೆನ್ನು ಹಾಳೆಯ ಮೇಲೆ ಕುಣಿದು, ನಾಲ್ಕು ಸೊಟ್ಟಗೆ ಬಿತ್ತು. ಪಂಕಜಾ ನೋಡಬಾರದೆಂದುಕೊಂಡೇ ನೋಡಿದಳು. ಅವಳ ಎಲೆಗಳೋ, ಆರಕ್ಕೆ ಹೋದರೂ ಸರಿ, ನಾಲ್ಕಕ್ಕೇ ನಿಂತರೂ ಸರಿ ಎಂಬಂಥವು. ಅಣ್ಣನ ಕೈ ಮಾತ್ರ ‘ಆರು, ಆರು’ ಎನ್ನುತ್ತಿತ್ತು. ಹಾಳಾದ ನಿಯಮ ಎಂದು ಮನಸ್ಸಿನಲ್ಲೇ ಬೈದುಕೊಂಡು, ನಾಲ್ಕನ್ನು ಏರಿಸದೆ ಒಂದು ಗೆರೆ ಎಳೆದು ಪಾಸ್ ಮಾಡಿದಳು.

ಆಡಿದಾಗ ಆರರಷ್ಟೂ ಬಂತು. ಬರೆಯದ ಆರಕ್ಕೆ ಬೆಲೆಯಿಲ್ಲ. ಕಪ್ಪು ಕೈತಪ್ಪಿತು.

“ಏನ್ ಮೇಡಂ, ನಾಲ್ಕಕ್ಕೇ ನಿಲ್ಲಿಸ್ಬಿಟ್ರಲ್ಲ!” ಎಂದು ಎದುರಾಳಿ ಕಾಂತರಾಜು ನಕ್ಕ. ಗೆದ್ದವನಿಗೇನು, ನಗುತ್ತಾನೆ.

ಕಾರಿನಲ್ಲಿ ಕೂತಮೇಲೂ ಶ್ಯಾಮಸುಂದರ ಸೀಟ್ ಬೆಲ್ಟಿಗೆ ಕೈ ಹಾಕಲಿಲ್ಲ.

“ನಿಜ ಹೇಳು. ಕೈ ನಡುಗೋನಿಗೆ ತಲೆನೂ ನಡುಗುತ್ತೆ ಅಂದ್ಕೊಂಡ್ಯಾ? ನಾನು ಬರೆದಿದ್ದನ್ನ ನೀನು ನಂಬಲಿಲ್ಲ, ಅಲ್ವಾ?”

ನಂಬಿದ್ದಕ್ಕೇ ಸೋತೆವು ಅಣ್ಣ ಎನ್ನಬೇಕೆನಿಸಿತು ಪಂಕಜಾಗೆ. ನುಂಗಿಕೊಂಡಳು.

“ನನಗೇ ಭಯ ಆಯ್ತು ಕಣೋ ಅಣ್ಣ. ಕಪ್ಪು ಅಂದ್ಕೂಡ್ಲೇ ಕೈಕಾಲು ಆಡ್ಲಿಲ್ಲ.”

ಅವನು ಅವಳ ಮುಖವನ್ನೇ ನೋಡಿದ. ಆಮೇಲೆ ಬಹಳ ದಿನಗಳ ನಂತರ ಜೋರಾಗಿ ನಕ್ಕ.

“ಪುಕ್ಕಲಿ! ಚಿಕ್ಕೋಳಿದ್ದಾಗ್ಲೂ ಹಿಂಗೇ. ಮುಂದಿನ ಶನಿವಾರ ಬೇಗ ಬಾ, ಧೈರ್ಯವಾಗಿ ಬಿಡ್ ಮಾಡೋದು ಹೇಗೆ ಅಂತ ಮೊದಲಿಂದ ಹೇಳ್ಕೊಡ್ತೀನಿ.”

“ಹೂಂ, ಬರ್ತೀನಿ,” ಎಂದು ಅವಳು ಬಾಗಿ ಅವನ ಬೆಲ್ಟು ಹಾಕಿದಳು. ಖುಷಿಗೆ ಅವನ ಕೈ ನಡುಗುತ್ತಲೇ ಇತ್ತು.