ಬಲಕ್ಕಿಟ್ಟ ಕತ್ತಿ

ಕ್ಯೋಟೊದ ಉಜುಮಸದಲ್ಲಿದ್ದ ಆ ಸ್ಟುಡಿಯೋದಲ್ಲಿ ಕುರಮೋಚಿ ಕತ್ತಿವರಸೆಯ ಮೇಷ್ಟ್ರು. 1957ರ ಚಳಿಗಾಲದ ಒಂದು ಬೆಳಿಗ್ಗೆ ನಿರ್ಮಾಣ ವಿಭಾಗದ ಮುಖ್ಯಸ್ಥ ಶಿಯೊಜಾಕಿ ಅವರನ್ನು ಸೆಟ್ಟಿನ ಹಿಂದಕ್ಕೆ ಕರೆದ.

"ನಿಮ್ಮ ಶಿಷ್ಯ ತೊಯೊಜಿಗೂ ನಮ್ಮ ಹೀರೋ ಹಯಾಸೆಗೂ ಏನೋ ಇದೆಯಂತೆ. ಗೊತ್ತಾ?"

"ಏನಿದೆ?"

"ಗಂಡು ಹೆಣ್ಣಿನ ನಡುವೆ ಇರೋದು. ಬಿಡಿಸಿ ಹೇಳ್ಬೇಕಾ? ನಿಜವಾದ್ರೆ ತೊಯೊಜಿ ಇವತ್ತೇ ಗಂಟುಮೂಟೆ ಕಟ್ಟಬೇಕು. ಈ ಊರಲ್ಲಿ ಯಾವ ಸ್ಟುಡಿಯೋನೂ ಅವನನ್ನ ಸೇರಿಸಲ್ಲ, ನಾನು ನೋಡ್ಕೋತೀನಿ."

"ಹಯಾಸೆಗೆ?"

"ಅವನ ಮುಖ ನೋಡೋಕೆ ಜನ ಬರೋದು ಕಣ್ರೀ."

ತೊಯೊಜಿ ವರ್ಷಗಟ್ಟಲೆ ಕತ್ತಿಯೇಟಿಗೆ ಬಿದ್ದು ಸಾಯುವ ಪಾತ್ರಗಳನ್ನೇ ಮಾಡಿದ್ದ. ಮಾತಿರುವ ಪಾತ್ರ ಸಿಕ್ಕಿದ್ದು ಇದೇ ಮೊದಲು.

ಆ ದಿನದ ದೃಶ್ಯದಲ್ಲಿ ಇಬ್ಬರು ಸಮುರಾಯ್‌ಗಳು ಎದುರುಬದುರು ಕೂತು ಚಹಾ ಕುಡಿಯಬೇಕು. ಹಿರಿಯ ಹಯಾಸೆ, ಕಿರಿಯ ತೊಯೊಜಿ. ಕಿರಿಯನನ್ನು ಕೊಲ್ಲಲು ಹಿರಿಯನಿಗೆ ಅಪ್ಪಣೆಯಾಗಿದೆ. ಕಿರಿಯನಿಗೆ ಅದರ ಸುಳಿವು ಸಿಕ್ಕಿದೆ. ಕತ್ತಿ ಎಳೆಯುವುದು ಬಲಗೈ. ಕೂತಾಗ ಕತ್ತಿಯನ್ನು ಬಲಕ್ಕಿಟ್ಟರೆ ಥಟ್ಟನೆ ಎಳೆಯಲಾಗದು. ಎದುರಿನವನನ್ನು ನಂಬಿದ್ದೇನೆ ಎಂದು ಅರ್ಥ. ಎಡಕ್ಕಿಟ್ಟರೆ ನಂಬಿಲ್ಲ ಎಂದು. ಹಿರಿಯ ಮೋಸದಿಂದ ಬಲಕ್ಕಿಡಬೇಕು, ಕಿರಿಯ ಎಡಕ್ಕೆ.

ಹಯಾಸೆ ಕೂತು ಬಲಕ್ಕಿಟ್ಟ. ತೊಯೊಜಿಯೂ ಬಲಕ್ಕಿಟ್ಟ.

"ಎಡಕ್ಕೆ ಕಣೋ!" ನಿರ್ದೇಶಕ ಕೂಗಿದ.

ಎರಡನೇ ಸಲವೂ ಬಲಕ್ಕೇ.

"ಹೆಣ್ಣು ನೋಡೋಕೆ ಬಂದವನ ಹಾಗೆ ಕೂತಿದಾನೆ ನೋಡ್ರೋ," ಎಂದ ಲೈಟಿನವನೊಬ್ಬ. ಸೆಟ್ಟಿನವರೆಲ್ಲ ನಕ್ಕರು.

ಕುರಮೋಚಿ ನಗಲಿಲ್ಲ. ಅವರ ಶಿಷ್ಯ ಇಂಥ ತಪ್ಪು ಎಂದೂ ಮಾಡಿರಲಿಲ್ಲ. ಪಕ್ಕದಲ್ಲಿದ್ದ ಶಿಯೊಜಾಕಿಯೂ ಕತ್ತಿಯ ಸಿನಿಮಾಗಳಲ್ಲೇ ತಲೆ ನರೆಸಿಕೊಂಡವನು.

"ಇನ್ನೊಂದು ಸಲ ಬಲಕ್ಕಿಟ್ಟ ಅಂದ್ರೆ ನನಗೆ ಬೇರೆ ಸಾಕ್ಷಿ ಬೇಡ," ಎಂದು ಅವನು ಪಿಸುಗುಟ್ಟಿದ.

"ಇದನ್ನ ನಿಮ್ಮ ಕಿವಿಗೆ ಹಾಕಿದ್ದು ಯಾರು?"

"ಹಯಾಸೆನೇ. ತೊಯೊಜಿ ಹಿಂದೆ ಬಿದ್ದು ಕಾಟ ಕೊಡ್ತಾನೆ ಅಂದ."

ಹಿಂದಿನ ಸಂಜೆ ಮೇಕಪ್ ಕೋಣೆಯಲ್ಲಿ ಹಯಾಸೆ ತಾನೇ ತೊಯೊಜಿಯ ವಿಗ್ಗು ಬಿಚ್ಚುತ್ತಿದ್ದುದನ್ನು ಕುರಮೋಚಿ ನೋಡಿದ್ದರು. ಬಿಚ್ಚಿದ ಮೇಲೂ ಅವನ ಬೆರಳು ತೊಯೊಜಿಯ ಕತ್ತಿನ ಮೇಲೇ ಇತ್ತು. ಹಿರಿಯ ನಟನ ಅಕ್ಕರೆ ಎಂದುಕೊಂಡಿದ್ದರು.

ಅವರು ಬಿದಿರುಕತ್ತಿ ಹಿಡಿದು ಸೆಟ್ಟಿನೊಳಕ್ಕೆ ಹೋಗಿ, ಎಲ್ಲರೆದುರು ತೊಯೊಜಿಯ ಮುಂಗೈಗೆ ಬಾರಿಸಿದರು. ತಿದ್ದುವವರಂತೆ ಬಗ್ಗಿ ಮೆಲ್ಲನೆ ಹೇಳಿದರು: "ನಿಮ್ಮಿಬ್ಬರ ವಿಷಯ ಶಿಯೊಜಾಕಿಗೆ ಗೊತ್ತು. ಹೇಳಿದ್ದು ಇವನೇ."

"ಹಯಾಸೆ ಅಣ್ಣ ಹಾಗೆ ಮಾಡಲ್ಲ, ಮೇಷ್ಟ್ರೇ."

"ಅವನ ಮುಖ ನೋಡು."

ತೊಯೊಜಿ ನೋಡಿದ. ಹಯಾಸೆಯ ಕಣ್ಣು ಒಮ್ಮೆ ಶಿಯೊಜಾಕಿಯತ್ತ ಹೋಗಿ, ಅಲ್ಲಿಂದ ಚಹಾದ ಬಟ್ಟಲಿಗೆ ಇಳಿಯಿತು. ಮತ್ತೆ ಮೇಲೇಳಲಿಲ್ಲ.

ಕ್ಯಾಮೆರಾ ಓಡಿತು. ಹಯಾಸೆ ಕತ್ತಿಯನ್ನು ಬಲಕ್ಕಿಟ್ಟ, ತುಂಬ ಸಹಜವಾಗಿ. ತೊಯೊಜಿಯ ಕತ್ತಿ ಮಂಡಿಯ ಮುಂದೆ ಕ್ಷಣಕಾಲ ನಿಂತಿತು. ಆಮೇಲೆ ಎಡಕ್ಕೆ ಹೋಯಿತು.

"ಓಕೆ! ಈಗ ನೋಡು, ಸರಿಯಾಗಿ ಅನುಮಾನ ಪಟ್ಟೆ," ಎಂದ ನಿರ್ದೇಶಕ.

"ಸರಿ, ಇರಲಿ ಬಿಡಿ," ಎಂದು ಶಿಯೊಜಾಕಿ ಕುರ್ಚಿಯಿಂದ ಎದ್ದುಹೋದ.

ದೀಪಗಳು ಆರಿದವು. ಹಯಾಸೆ ನಗುತ್ತ ಹತ್ತಿರ ಬಂದ. "ಬಾರೋ, ಕೈ ಬಾತಿದೆಯಾ ನೋಡೋಣ."

ತೊಯೊಜಿ ಹಿಂದೆ ಸರಿದು, ಹೀರೋ ಎದುರು ಕಿರಿಯರು ಬಾಗುವಷ್ಟೇ ಬಾಗಿದ. ಬಾಗಿದಾಗಲೂ ಅವನ ಎಡಗೈ ಎಡಸೊಂಟದ ಕತ್ತಿಯ ಒರೆಯ ಮೇಲಿಂದ ಸರಿಯಲಿಲ್ಲ.